ಅಜ್ಜಿಯ ಪಕ್ಕದ ಜಾಗ

ಹುಣಸೂರು ದಾಟಿ ಬಸ್ಸು ಪಿರಿಯಾಪಟ್ಟಣದ ಕಡೆಗೆ ಹೊರಳಿದ ಸ್ವಲ್ಪ ಹೊತ್ತಿಗೆ, ಶ್ರಾವಣ ಕಳೆದ ದಿನಗಳಾದರೆ, ಕಿಟಕಿಯಿಂದ ಒಂದು ವಾಸನೆ ಒಳಗೆ ಬರುತ್ತದೆ. ಹಸಿ ಹೊಗೆಸೊಪ್ಪು, ಅದನ್ನು ಬೇಯಿಸಿ ಒಣಗಿಸುವ ಮನೆಯಾದ ಬ್ಯಾರನ್ನಿನ ಬಿಸಿಗೆ ಬಾಡಿ ಹಳದಿಗೆ ತಿರುಗುವಾಗಿನ ವಾಸನೆ ಅದು. ಒಣಹುಲ್ಲಿನ ಬಣವೆಯ ಪಕ್ಕ ನಿಂತಂತೆಯೂ ಇರುತ್ತದೆ, ಆಲೆಮನೆಯ ಮುಂದೆ ಹಾದುಹೋದಂತೆಯೂ ಇರುತ್ತದೆ, ಕೊನೆಯಲ್ಲಿ ಗಂಟಲು ಕೆರೆಯುವ ಒಂದು ಖಾರ ಉಳಿಯುತ್ತದೆ. ಆ ಸೀಮೆಯಲ್ಲಿ ಹುಟ್ಟಿದವರಿಗೆ ಅದನ್ನು ಬಣ್ಣಿಸಬೇಕಾಗಿಲ್ಲ. ಬೇರೆಯವರಿಗೆ ಎಷ್ಟು ಬಣ್ಣಿಸಿದರೂ ಅದು ಮೂಗಿಗೆ ಬರುವುದಿಲ್ಲ. ನಾನು ಮದುವೆಯಾಗಿ ಕೆ.ಆರ್. ನಗರದ ಆಚೆ, ಮಿರ್ಲೆಯ ಭತ್ತದ ಗದ್ದೆಗಳ ನಡುವೆ ಬಂದು ಅರ್ಧ ಆಯಸ್ಸು ಕಳೆಯಿತು. ಅಲ್ಲಿನ ನೀರು, ಅಲ್ಲಿನ ಕೆಸರಿನ ವಾಸನೆ ಎಲ್ಲ ಒಗ್ಗಿಹೋಗಿದೆ. ಆದರೂ ಆ ದಾರಿಯಲ್ಲಿ ಬಸ್ಸು ಹೋಗುವಾಗ ಪಕ್ಕದಲ್ಲಿ ಕೂತವರು ಸೆರಗಿನಿಂದ ಮೂಗು ಮುಚ್ಚಿಕೊಂಡರೆ ನಾನು ಗಾಜನ್ನು ಇನ್ನಷ್ಟು ಹಿಂದಕ್ಕೆ ಸರಿಸುತ್ತೇನೆ. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ. ಅದು ಬಂದಾಗ ಮನೆ ನೆನಪಾಗುತ್ತದೆ, ಮನೆಯ ಹಿಂದೆಯೇ ಆ ಮನೆ ಇಲ್ಲ ಎನ್ನುವುದೂ ನೆನಪಾಗುತ್ತದೆ.

ನಮ್ಮ ಊರು ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯಿಂದ ಒಳಕ್ಕೆ ಇತ್ತು. ಮನೆಯ ಮುಂದೆ ಸಗಣಿ ಸಾರಿಸಿದ ಅಂಗಳ, ಕೆಂಪು ಗಾರೆಯ ಜಗಲಿ, ಒಳಗೆ ತೊಟ್ಟಿ, ತೊಟ್ಟಿಯ ಆಚೆ ಕತ್ತಲೆ ತುಂಬಿದ ದೇವರ ಕೋಣೆ. ನಮ್ಮದು ಶಿವಾಚಾರದ ಮನೆ. ಹುಟ್ಟಿದ ಕೂಸಿಗೆ ಲಿಂಗ ಕಟ್ಟುವವರು, ಸ್ನಾನ ಮಾಡಿ ಎಡಗೈ ಮೇಲೆ ಲಿಂಗವಿಟ್ಟು ಪೂಜಿಸದೆ ಬಾಯಿಗೆ ನೀರೂ ಹಾಕದವರು. ಅಜ್ಜಿ ನಂಜಮ್ಮಣ್ಣಿಯ ಪೂಜೆ ಮುಗಿಯುವವರೆಗೆ ಅಡುಗೆಮನೆಯಲ್ಲಿ ಪಾತ್ರೆ ಸದ್ದಾಗುತ್ತಿರಲಿಲ್ಲ. ಅವಳು ಹೊರಗೆ ಬಂದಾಗ ಹಣೆಯ ಮೇಲೆ, ತೋಳಿನ ಮೇಲೆ ವಿಭೂತಿಯ ಪಟ್ಟೆಗಳು ಇನ್ನೂ ಒದ್ದೆಯಾಗಿರುತ್ತಿದ್ದವು. ನನ್ನ ಹಣೆಗೂ ಮೂರು ಬೆರಳು ಎಳೆದು, ಅದೇ ಕೈಯಲ್ಲಿ ನನ್ನ ಬೆನ್ನಿಗೊಂದು ಮೆಲ್ಲಗೆ ಗುದ್ದಿ, ಹೋಗು ಎನ್ನುತ್ತಿದ್ದಳು. ಮನೆಯಲ್ಲಿ ಅಪ್ಪ ಶಿವಮಲ್ಲಪ್ಪ, ಅವ್ವ, ನಾನು, ಆಮೇಲೆ ಅಪ್ಪನ ತಂಗಿ ರಾಜಮ್ಮಣ್ಣಿ. ನನಗೆ ಅವಳು ರಾಜತ್ತೆ.

ರಾಜತ್ತೆಯನ್ನು ಕೊಟ್ಟಿದ್ದು ಭೇರ್ಯದ ಕಡೆಯ ಒಂದು ಮನೆಗೆ. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡ ಕಾಮಾಲೆಯಲ್ಲಿ ತೀರಿಕೊಂಡ. ಅತ್ತೆಮನೆಯವರು ಅವಳನ್ನು ಗಾಡಿಯಲ್ಲಿ ಕೂರಿಸಿ ತಂದು ಜಗಲಿಯ ಮೇಲೆ ಇಳಿಸಿ, ನೀರು ಕೂಡ ಕುಡಿಯದೆ ಹೊರಟುಹೋದರಂತೆ. ಅದು ನಾನು ಹುಟ್ಟುವುದಕ್ಕೆ ಮೊದಲಿನ ಮಾತು. ನನಗೆ ಬುದ್ಧಿ ಬರುವಷ್ಟರಲ್ಲಿ ಅವಳು ಬರಿಗೈಯ, ಹಣೆಯಲ್ಲಿ ವಿಭೂತಿ ಮಾತ್ರ ಇರುವ, ಮದುವೆ ಮನೆಗಳಿಗೆ ಬಾರದ ಹೆಂಗಸಾಗಿದ್ದಳು. ನಮ್ಮವರಲ್ಲಿ ಹಿಂದೆ ಗಂಡ ಸತ್ತವರಿಗೆ ಕೂಡಾವಳಿ ಮಾಡಿ ಇನ್ನೊಂದು ಮನೆ ಕಾಣಿಸುವುದಿತ್ತು. ಆದರೆ ಅಪ್ಪನಿಗೆ ಅದು ನಮ್ಮ ಮನೆತನಕ್ಕೆ ಆಗಿಬರುವುದಿಲ್ಲ ಅನ್ನಿಸಿತ್ತು. ಅವಳಿಗೆ ಆಗ ಮೂವತ್ತೂ ಆಗಿರಲಿಲ್ಲ ಎನ್ನುವುದು ನನಗೆ ಹೊಳೆದದ್ದು ನಾನು ಮೂವತ್ತು ದಾಟಿದ ಮೇಲೆ. ಮಕ್ಕಳಿಗೆ ಮನೆಯ ದೊಡ್ಡವರೆಲ್ಲ ಒಂದೇ ವಯಸ್ಸಿನವರಾಗಿ ಕಾಣುತ್ತಾರೆ.

ಸೊಪ್ಪಿನ ಕಾಲದಲ್ಲಿ ರಾಜತ್ತೆ ಇಡೀ ದಿನ ಬ್ಯಾರನ್ನಿನ ಚಪ್ಪರದ ಕೆಳಗಿರುತ್ತಿದ್ದಳು. ಅವಳ ಎದುರಿಗೆ ಚೆಲುವಿ. ಚೆಲುವಿ ಊರಾಚೆಯ ಕೇರಿಯವಳು, ರಾಜತ್ತೆಗಿಂತ ಸ್ವಲ್ಪ ಚಿಕ್ಕವಳು. ಇಬ್ಬರೂ ಕಾಲು ನೀಡಿ ಕೂತು, ನಡುವೆ ಕಡ್ಡಿ ಇಟ್ಟುಕೊಂಡು, ಅತ್ತ ಎರಡು ಎಲೆ ಇತ್ತ ಎರಡು ಎಲೆ ಎಂದು ದಾರದಲ್ಲಿ ಹೆಣೆಯುತ್ತಾ ಹೋಗುತ್ತಿದ್ದರು. ಅಂಟು ಹತ್ತಿ ಇಬ್ಬರ ಕೈಯೂ ಟಾರು ಬಳಿದ ಹಾಗೆ ಕಪ್ಪಾಗುತ್ತಿತ್ತು. ಆ ಕೈಗಳಲ್ಲಿ ಯಾವುದು ಯಾರದೆಂದು ಹೇಳುವಂತಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಮಾತ್ರ ಚೆಲುವಿ ದನದ ಕೊಟ್ಟಿಗೆಯ ಗೂಡಿನಿಂದ ತನ್ನ ತಟ್ಟೆ ತೆಗೆದುಕೊಂಡು ಅಂಗಳದ ಅಂಚಿಗೆ ಕೂರುತ್ತಿದ್ದಳು, ಅಜ್ಜಿ ಮೇಲಿನಿಂದ ಮುದ್ದೆ ಬಿಡುತ್ತಿದ್ದಳು. ಅಷ್ಟು ಕರುಣೆಯ ಅಜ್ಜಿ ಆ ಎತ್ತರವನ್ನು ಒಂದು ದಿನವೂ ಇಳಿಸಲಿಲ್ಲ. ಅದು ತಪ್ಪೆಂದು ಅವಳಿಗೆ ತೋರಿರಲೂ ಇಲ್ಲ. ಇದನ್ನೂ ಹೇಳದಿದ್ದರೆ ನಾನು ಕಳೆದುಕೊಂಡ ಮನೆಯನ್ನು ಇದ್ದುದಕ್ಕಿಂತ ಚೆಂದ ಮಾಡಿ ಹೇಳಿದಂತಾಗುತ್ತದೆ.

ಹಿರಿಯರಿಗೆ ಎಡೆ ಇಡುವ ಮಾರ್ನಮಿಯ ಹಬ್ಬಕ್ಕೆ ಅಜ್ಜಿ ನನ್ನನ್ನೂ ರಾಜತ್ತೆಯನ್ನೂ ಕರೆದುಕೊಂಡು ಹೊಲಕ್ಕೆ ಹೋಗುತ್ತಿದ್ದಳು. ಹೊಲದ ಮೂಡಲ ಬದಿಯಲ್ಲಿ, ಬೇವಿನ ಮರದ ಕೆಳಗೆ, ನಮ್ಮ ಹಿರಿಯರ ಸಾಲು ಇತ್ತು. ನಮ್ಮವರು ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಗುಣಿಯೊಳಗೆ ಗೂಡು ಕಡಿದು, ಅದರಲ್ಲಿ ಕೂರಿಸಿ, ಅಂಗೈಯಲ್ಲಿ ಅವರ ಲಿಂಗವಿಟ್ಟು, ವಿಭೂತಿಯನ್ನೂ ಪತ್ರೆಯನ್ನೂ ತುಂಬಿ ಮಣ್ಣು ಮುಚ್ಚುತ್ತಾರೆ. ಆದ್ದರಿಂದಲೇ ಏನೋ, ಅಜ್ಜಿ ಸತ್ತವರ ವಿಷಯ ಹೇಳುವಾಗ ಇದ್ದರು ಎನ್ನುತ್ತಿರಲಿಲ್ಲ. ಇಲ್ಲಿ ನಮ್ಮತ್ತೆ ಕೂತವ್ಳೆ, ಅಲ್ಲಿ ಮಾವ ಕೂತವ್ನೆ, ಆ ಕಡೆ ನಿಮ್ಮ ತಾತ ಕೂತವ್ನೆ ಎನ್ನುತ್ತಿದ್ದಳು. ಜಗಲಿಯ ಮೇಲೆ ಕೂತವರನ್ನು ತೋರಿಸಿದ ಹಾಗೆ ತೋರಿಸುತ್ತಿದ್ದಳು. ತಾತನ ಪಕ್ಕದ ಖಾಲಿ ಜಾಗ ತನ್ನದು ಎಂದಾಗ ಅವಳ ದನಿಯಲ್ಲಿ ಭಯವಿರಲಿಲ್ಲ. ಒಂದು ವರ್ಷ, ಎಡೆ ಇಟ್ಟು ನೀರು ಬಿಡುವಾಗ, ರಾಜತ್ತೆ ಸುಮ್ಮನೆ ಕೇಳಿದಳು.

"ಅವ್ವ, ನನ್ನ ಎಲ್ಲಿ ಮಡಗ್ತೀರಾ?"

ಮನೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಆ ಸಾಲಿನಲ್ಲಿ ಜಾಗವಿಲ್ಲ. ಅವರು ಗಂಡನ ಮನೆಯ ಮಣ್ಣಿಗೆ ಸೇರಿದವರು. ರಾಜತ್ತೆಗೆ ಗಂಡನ ಮನೆಯೇ ಇರಲಿಲ್ಲ. ಅಜ್ಜಿ ಬೇವಿನ ಉದುರೆಲೆಗಳನ್ನು ಕೈಯಲ್ಲೇ ಗುಡಿಸುತ್ತಾ ಇದ್ದಳು. ಆಮೇಲೆ, "ನನ್ನ ಪಕ್ಕಕ್ಕೆ ಕಣವ್ವ, ಇನ್ನೆಲ್ಲಿ? ನಾನು ಏಳಿ ಓಗಿರ್ತೀನಿ ಬುಡು," ಅಂದಳು. ರಾಜತ್ತೆ ನಕ್ಕಳು. ಸಾಯುವ ಮಾತಿಗೆ ಹೀಗೆ ಸಮಾಧಾನದಿಂದ ನಗುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ವರ್ಗೀಸ್ ನಮ್ಮೂರಿಗೆ ಬಂದದ್ದು ಶುಂಠಿ ಬೆಳೆಯಲು. ಆಗಷ್ಟೇ ವಯನಾಡಿನ ಕಡೆಯಿಂದ ಮಲೆಯಾಳಿಗಳು ಎಚ್.ಡಿ. ಕೋಟೆ ದಾಟಿ ಬಂದು ಅಲ್ಲಲ್ಲಿ ಹೊಲ ಗುತ್ತಿಗೆಗೆ ಹಿಡಿಯತೊಡಗಿದ್ದರು. ಅಪ್ಪ ಕೆರೆಯ ಕೆಳಗಿನ ತುಂಡನ್ನು ಅವನಿಗೆ ಬಿಟ್ಟುಕೊಟ್ಟು, ಬ್ಯಾರನ್ನಿನ ಪಕ್ಕದ ಕೋಣೆಯಲ್ಲಿ ಇರಲು ಹೇಳಿದ. ತೆಳ್ಳಗೆ, ಎತ್ತರಕ್ಕೆ, ಮಾತಾಡುವಾಗ ನೆಲ ನೋಡುವ ಮನುಷ್ಯ. ಯಾವ ಜನ ಎಂದು ಜಗಲಿಯ ಮೇಲೆ ಯಾರೋ ಕೇಳಿದಾಗ, ನಾವು ಕೃಷಿಯವರು ಎಂದು ಅವನು ಹೇಳಿದ್ದಕ್ಕೆ ಎಲ್ಲ ನಕ್ಕಿದ್ದರು. ಕ್ರಿಸ್ತರವನು ಎಂದು ಆಮೇಲೆ ತಿಳಿಯಿತು. ನಮ್ಮ ಮನೆಯಲ್ಲಿ ಮೀನಿನ ವಾಸನೆ ಆಗುವುದಿಲ್ಲ ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಆದರೂ ಬಂದ ಕೆಲವು ದಿನಕ್ಕೆ ಅವನಾಗಿ ಮೀನು ಬೇಯಿಸುವುದನ್ನು ಬಿಟ್ಟ. ಗಂಜಿಗೆ ತೆಂಗಿನಕಾಯಿ, ಒಣಮೆಣಸು ಅರೆದು ನಂಚಿಕೊಳ್ಳುತ್ತಿದ್ದ. ಅದನ್ನು ಕಂಡ ಅಜ್ಜಿ ನನ್ನ ಕೈಲಿ ಅವನಿಗೆ ಮಜ್ಜಿಗೆ ಕಳಿಸತೊಡಗಿದಳು. ಲೋಟ ಮಾತ್ರ ಬೇರೆ, ಚೆಲುವಿಯ ತಟ್ಟೆಯ ಪಕ್ಕದ ಗೂಡಿನಲ್ಲಿ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅವನು ಕೋಣೆಯ ಬಾಗಿಲಲ್ಲಿ ಮೊಣಕಾಲೂರಿ ಕೂತು, ಕಪ್ಪು ಮಣಿಗಳ ಸರವೊಂದನ್ನು ಬೆರಳಲ್ಲಿ ಜರುಗಿಸುತ್ತಾ ತನ್ನಷ್ಟಕ್ಕೆ ಏನೋ ಹೇಳಿಕೊಳ್ಳುತ್ತಿದ್ದ. ಅದೇ ಹೊತ್ತಿಗೆ ರಾಜತ್ತೆ ಕೈಕಾಲು ತೊಳೆದು, ಕೊಟ್ಟಿಗೆಯ ಗೋಡೆಗೆ ಒರಗಿ, ಅಂಗೈ ಮೇಲೆ ಲಿಂಗವಿಟ್ಟು ಕಣ್ಣು ಮುಚ್ಚಿರುತ್ತಿದ್ದಳು. ಇಬ್ಬರ ನಡುವೆ ಅಂಗಳವಿತ್ತು, ಕಟ್ಟಿದ ಎತ್ತುಗಳಿದ್ದವು. ಒಂದು ದಿನ ಅವಳು ಕೇಳಿದ್ದು ನನಗೆ ಇಂದಿಗೂ ನೆನಪಿದೆ. "ಅಷ್ಟೊಂದು ಸಲ ಕರುದ್ರೇನೇ ಬರದಾ ನಿಮ್ಮ ದೇವ್ರು?" ಅಂದಳು. ಅವನು ತಡವರಿಸಿ, "ಬರೂದಿಲ್ಲ. ಆದ್ರೂ ವಿಳಿಕ್ಕಣಂ... ಕರೀಬೇಕು," ಅಂದ. ರಾಜತ್ತೆ ಲಿಂಗವನ್ನು ವಸ್ತ್ರದಲ್ಲಿ ಸುತ್ತುತ್ತಾ, ನನ್ನದೂ ಅಂಗೇ ಎಂದಳು. ಇಷ್ಟೇ ನಾನು ಕೇಳಿದ್ದು. ಇದಕ್ಕಿಂತ ಹೆಚ್ಚಿನದು ಏನಾಯಿತು, ಯಾವಾಗ ಆಯಿತು, ನನಗೆ ಗೊತ್ತಿಲ್ಲ. ಊರಿಗೆ ಗೊತ್ತಿತ್ತಂತೆ. ಊರು ಹೇಳುವ ರೀತಿಯಲ್ಲಿ ಆಗಿರಲಾರದು ಎಂದಷ್ಟೇ ನಾನು ಬಲ್ಲೆ.

ಶುಂಠಿ ಕಿತ್ತು ಲಾರಿಗೆ ತುಂಬಿದ ಮೇಲೆ, ಅವರೆಕಾಯಿಯ ಕಾಲದಲ್ಲಿ, ಅವನು ಎಚ್.ಡಿ. ಕೋಟೆಯ ಕಡೆಗೆ ಹೊರಟುಹೋದ. ಅದಾಗಿ ಒಂದು ವಾರ ಕಳೆದಿರಬೇಕು. ಅಪ್ಪ ಸೊಪ್ಪಿನ ಹರಾಜಿಗೆಂದು ಪಿರಿಯಾಪಟ್ಟಣಕ್ಕೆ ಹೋಗಿದ್ದ. ಅವ್ವ ಹಿತ್ತಿಲಲ್ಲಿದ್ದಳು. ರಾಜತ್ತೆ ಎರಡು ಸೀರೆಗಳನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅಜ್ಜಿ ಒಲೆಯ ಮುಂದಿದ್ದಳು, ನಾನು ಪಕ್ಕದಲ್ಲಿ ಅವರೆಕಾಳು ಹಿಸುಕುತ್ತಿದ್ದೆ.

"ಓಗ್ತೀನಿ ಕಣವ್ವ," ಅಂದಳು.

ಅಜ್ಜಿ ತಿರುಗಿ ನೋಡಿದಳು. ಎಲ್ಲಿಗೆ ಎಂದು ಕೇಳಲಿಲ್ಲ. ಬೇಡ ಎನ್ನಲಿಲ್ಲ. ಮಡಕೆಯ ಮುಚ್ಚಳ ತೆಗೆದು, "ಉಂಡ್ಬುಟ್ಟು ಓಗು," ಅಂದಳು. ರಾಜತ್ತೆ ಚೀಲವನ್ನು ಪಕ್ಕದಲ್ಲಿಟ್ಟುಕೊಂಡು ಕೂತಳು. ಅಜ್ಜಿ ಬಿಸಿ ಮುದ್ದೆ ಇಟ್ಟು, ಅವರೆಕಾಳಿನ ಸಾರು ಬಿಟ್ಟು, ಬೆಣ್ಣೆಯ ಉಂಡೆಯೊಂದನ್ನು ನಡುವೆ ಒತ್ತಿದಳು. ರಾಜತ್ತೆ ತಲೆ ಎತ್ತದೆ ಉಂಡಳು. ಉಂಡ ತಟ್ಟೆಯನ್ನು ತಾನೇ ತೊಳೆದು ಗೋಡೆಗೆ ಆನಿಸಿದಳು. ಹೊರಡುವಾಗ ನನ್ನ ಕೆನ್ನೆ ಮುಟ್ಟಿದ ಅವಳ ಬೆರಳುಗಳಲ್ಲಿ ಇನ್ನೂ ಸಾರಿನ ಘಮವಿತ್ತು. ಅಂಗಳ ದಾಟಿ, ಊರಿನ ನಡುಬೀದಿಯಲ್ಲೇ, ಎಲ್ಲರ ಕಣ್ಣೆದುರು ನಡೆದು ಹೋಗಿ ಬಸ್ಸು ಹತ್ತಿದಳು. ಕದ್ದು ಹೋದಳು ಎಂದು ಆಮೇಲೆ ಹೇಳಿದವರೆಲ್ಲ ಅವಳು ಹೋಗುವುದನ್ನು ನೋಡಿದವರೇ.

ಅವಳು ಕೋಟೆಯ ಆಚೆ, ಕಾಡಿನ ಅಂಚಿನ ಒಂದು ಊರಿನ ಚರ್ಚಿನಲ್ಲಿ ಜ್ಞಾನಸ್ನಾನದ ನೀರು ಹಾಕಿಸಿಕೊಂಡು ಮದುವೆಯಾದಳೆಂಬ ಸುದ್ದಿ ಬಂದಾಗ ಮನೆಗೆ ಅಯ್ನೋರು ಬಂದರು. ನಮ್ಮ ಮನೆಯ ಗುರುಗಳು, ವಯಸ್ಸಾದವರು, ಸಿಟ್ಟಿಲ್ಲದವರು. ಕುಲ ಬಿಟ್ಟವಳು ಸತ್ತಳೆಂದೇ ತಿಳಿದು ಎಲ್ಲರೂ ತಲೆಗೆ ನೀರು ಹಾಕಿಕೊಂಡು ಮನೆ ಶುದ್ಧ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ನಾಲ್ಕು ಮನೆಯವರು ನಿಮ್ಮಲ್ಲಿ ನೀರು ಮುಟ್ಟುವುದಿಲ್ಲ ಎಂದು ಮೆಲ್ಲನೆಯ ದನಿಯಲ್ಲೇ ಹೇಳಿದರು. ಹಂಡೆಗೆ ಬೆಂಕಿ ಹಾಕಲಿಲ್ಲ. ಸಾವಿನ ಸ್ನಾನಕ್ಕೆ ತಣ್ಣೀರೇ ಆಗಬೇಕು. ಅಪ್ಪ ಮೊದಲು ಹಾಕಿಕೊಂಡ. ಆಮೇಲೆ ಅವ್ವ. ಆಮೇಲೆ ಅವ್ವ ನನ್ನ ತಲೆಗೂ ಹೊಯ್ದಳು. ನಾವು ಮೂವರೂ ಒದ್ದೆ ಕೂದಲಿನಲ್ಲಿ ಅಂಗಳದಲ್ಲಿ ನಿಂತಿದ್ದೆವು. ಅಜ್ಜಿ ಮಾತ್ರ ಜಗಲಿಯ ಕಂಬಕ್ಕೆ ಒರಗಿ, ಒಣಗಿದ ಬಿಳಿ ಕೂದಲನ್ನು ಗಂಟು ಹಾಕಿಕೊಂಡು ಕೂತೇ ಇದ್ದಳು. ಅಪ್ಪ ಎರಡು ಸಲ ಕರೆದ. ಅವಳು ಅಯ್ನೋರ ಕಡೆಗೆ ಕೈಮುಗಿದು ಹೇಳಿದಳು.

"ಬುದ್ದಿ, ಅವ್ಳು ಬದುಕವ್ಳೆ. ಬದುಕಿರೋರ್ಗೆ ನಾನು ನೀರು ಉಯ್ಕೊಳಕಿಲ್ಲ."

ಅಯ್ನೋರು ತೀರ್ಥ ಚಿಮುಕಿಸಿ ಎದ್ದರು. ಅಂದಿನಿಂದ ಅಪ್ಪ ಅಜ್ಜಿಯ ಎದುರು ಕೂತು ಉಣ್ಣುವುದನ್ನು ಬಿಟ್ಟ. ಅವಳು ಸಿಟ್ಟು ಮಾಡಲಿಲ್ಲ, ಅಳಲಿಲ್ಲ. ಮಾರ್ನಮಿಗೆ ಒಬ್ಬಳೇ ಹೊಲಕ್ಕೆ ಹೋಗಿ ಬರುತ್ತಿದ್ದಳು. ಚಪ್ಪರದ ಕೆಳಗೆ ಚೆಲುವಿ ಬೇರೆ ಯಾರ ಜೊತೆಗೋ ಕಡ್ಡಿ ಕಟ್ಟುತ್ತಿದ್ದಳು. ಮನೆ ಮೊದಲಿನಂತೆಯೇ ನಡೆಯಿತು. ಅದರೊಳಗಿನ ಮಾತು ಹೋಯಿತು, ಅಷ್ಟೇ. ನಾನು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ ಅಜ್ಜಿ ತೀರಿಕೊಂಡಳು. ಅವಳನ್ನು ತಾತನ ಪಕ್ಕದಲ್ಲಿ ಕೂರಿಸಿದರು. ಕೋಟೆಗೆ ಯಾರೂ ಹೇಳಿಕಳಿಸಲಿಲ್ಲ. ಎಷ್ಟೋ ದಿನದ ಮೇಲೆ ಚೆಲುವಿ ನನ್ನನ್ನು ಬಾವಿಯ ಹತ್ತಿರ ನಿಲ್ಲಿಸಿ, ರಾಜಮ್ಮಣ್ಣಿ ಬಂದಿದ್ದಳೆಂದೂ, ಊರೊಳಕ್ಕೆ ಬಾರದೆ ಹೊಲದ ಬದಿಯಿಂದಲೇ ಹೋದಳೆಂದೂ, ಬೇವಿನ ಬುಡದಲ್ಲಿ ಮಧ್ಯಾಹ್ನವೆಲ್ಲ ಕೂತಿದ್ದಳೆಂದೂ ಹೇಳಿದಳು.

ನಾನು ಶಾಲೆಯ ಟೀಚರಾಗಿ, ಮದುವೆಯಾಗಿ, ನನ್ನ ಸಂಬಳ ನನ್ನ ಕಾಲು ಎಂದಾದ ಮೇಲೆ ಅವಳನ್ನು ಹುಡುಕಿಕೊಂಡು ಹೋದೆ. ಎಚ್.ಡಿ. ಕೋಟೆಯಿಂದ ಇನ್ನೊಂದು ಬಸ್ಸು ಹಿಡಿದು ಕಾಡಿನ ದಿಕ್ಕಿಗೆ ಹೋಗಬೇಕಿತ್ತು. ಹೆಂಚಿನ ಮನೆ, ಮುಂದೆ ಕಾಫಿ, ಮೆಣಸಿನ ಬಳ್ಳಿ, ಗೋಡೆಯ ಮೇಲೆ ಎದೆ ತೆರೆದು ತೋರಿಸುವ ಯೇಸುವಿನ ಪಟ. ರಾಜತ್ತೆ ಅಲ್ಲಿನ ಕ್ರಿಸ್ತರ ಹೆಂಗಸರು ತೊಡುವ ಬಿಳಿ ಅಂಗಿ, ಚಟ್ಟೆಯ ಮೇಲೆ ಸೀರೆ ಸುತ್ತಿ, ನಮ್ಮ ಅಜ್ಜಿಯದೇ ಮುಖ ಹೊತ್ತು ನಿಂತಿದ್ದಳು. ವರ್ಗೀಸ್ ಆಗಲೇ ತೀರಿಕೊಂಡಿದ್ದ. ಮಗಳು ಲಿಸ್ಸಿ ಚಹಾ ತಂದು, ಕನ್ನಡವನ್ನೂ ಮಲೆಯಾಳವನ್ನೂ ಒಂದೇ ಉಸಿರಲ್ಲಿ ಬೆರೆಸಿ ನನ್ನನ್ನು ಚೇಚಿ, ಅಕ್ಕ ಎಂದು ಕರೆದಳು. ರಾಜತ್ತೆಗೆ ಚರ್ಚಿನಲ್ಲಿ ಇಟ್ಟ ಹೆಸರು ರೋಸಮ್ಮ. ಆದರೆ ಅಲ್ಲಿಯವರು ಅವಳನ್ನು ಕನ್ನಡತ್ತಿ ಎಂದೇ ಕರೆಯುತ್ತಿದ್ದರಂತೆ. "ಅಲ್ಲಿ ಮಲೆಯಾಳಿ ಹೆಂಡ್ತಿ, ಇಲ್ಲಿ ಕನ್ನಡತ್ತಿ," ಎಂದು ನಕ್ಕಳು. ಆ ನಗುವಿನಲ್ಲಿ ದೂರಿರಲಿಲ್ಲ.

ಲಿಂಗ ಏನು ಮಾಡಿದೆ ಎಂದು ನಾನು ಕೇಳಿದೆ. ಕೇಳಬಾರದಿತ್ತೋ ಏನೋ. ನೀರು ಹಾಕಿಸಿಕೊಳ್ಳುವ ಹಿಂದಿನ ದಿನ ಕಪಿಲೆಗೆ ಹೋಗಿ, ಸೊಂಟದಷ್ಟು ನೀರಲ್ಲಿ ನಿಂತು, ತಾನೇ ಬಿಟ್ಟೆ ಅಂದಳು. "ಎರಡೂ ಮಡಿಕೊಂಡು ಯಾರಿಗೋ ಒಬ್ರಿಗೆ ಸುಳ್ಳು ಏಳ್ದಂಗಾಯ್ತದೆ ಅನ್ನುಸ್ತು ಕಣ್ ಮಗ." ಅವಳು ವರ್ಗೀಸನ ದೇವರಿಗೆ ನಿಜವಾಗಿಯೇ ಒಪ್ಪಿಸಿಕೊಂಡಿದ್ದಳು. ಭಾನುವಾರ ತಪ್ಪಿಸುತ್ತಿರಲಿಲ್ಲ, ಕಪ್ಪು ಮಣಿಸರ ಅವಳ ಸೊಂಟದಲ್ಲೇ ಇರುತ್ತಿತ್ತು. ಆದರೆ ಬೆಳಿಗ್ಗೆ ಎದ್ದ ಕೂಡಲೇ ಎಡ ಅಂಗೈ ತಾನಾಗಿ ಮೇಲೆ ಬರುತ್ತದೆ, ಏನೂ ಇಲ್ಲದ ಕೈಯನ್ನು ನೋಡಿ ಇಳಿಸಿಕೊಳ್ಳುತ್ತೇನೆ ಅಂದಳು. ಅಜ್ಜಿ ಬದುಕಿರುವಾಗ ಬರದೆ ಇದ್ದದ್ದಕ್ಕೆ ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊರಡುವಾಗ ಬಸ್ಸಿನವರೆಗೂ ಬಂದು, ನನ್ನ ಕೈ ಹಿಡಿದು ಹೇಳಿದಳು.

"ದೇವ್ರು ಯಾರಾರಾ ಆಗ್ಲಿ ಕಣ್ ಮಗ, ಮಣ್ಣು ನಮ್ಮವ್ವನ ಪಕ್ಕದ್ದೇ ಆಗ್ಬೇಕು. ನಿಮ್ಮಪ್ಪಂಗೆ ಒಂದ್ ಮಾತು ಆಕಿರು."

ನಾನು ಅಪ್ಪನಿಗೆ ಹೇಳಿದೆ. ಅವನು ಕೇಳಿಸಿಕೊಂಡ. ಆಗಲಿ ಎಂದೂ ಅನ್ನಲಿಲ್ಲ, ಆಗುವುದಿಲ್ಲ ಎಂದೂ ಅನ್ನಲಿಲ್ಲ. ಅದಾದ ಮೇಲೆ ನಾನು ವರ್ಷಕ್ಕೊಮ್ಮೆಯಾದರೂ ಕೋಟೆಗೆ ಹೋಗಿ ಬರುತ್ತಿದ್ದೆ. ಪ್ರತಿ ಸಲವೂ ಅವಳು ಅಪ್ಪ ಏನಂದ ಎಂದು ಕಣ್ಣಲ್ಲೇ ಕೇಳುತ್ತಿದ್ದಳು. ಪ್ರತಿ ಸಲವೂ ನಾನು ಬೇರೆ ಮಾತಿಗೆ ಹೋಗುತ್ತಿದ್ದೆ. ಅಷ್ಟರಲ್ಲಿ ಊರೂ ಬದಲಾಗಿತ್ತು. ಊರ ಬಾಗಿಲಿಗೆ ದೊಡ್ಡ ಕಮಾನು ಬಂತು, ಕಂಬಕಂಬಕ್ಕೆ ಬಾವುಟ ಬಂತು. ಹಿಂದೆ ನಾವು ಶಿವಾಚಾರದವರು ಎಂದು ಮೆಲ್ಲಗೆ ಹೇಳಿಕೊಳ್ಳುತ್ತಿದ್ದ ಮನೆಗಳ ಹುಡುಗರು ಈಗ ಅದಕ್ಕಿಂತ ದೊಡ್ಡ, ಗಟ್ಟಿ ಹೆಸರುಗಳನ್ನು ಕಲಿತಿದ್ದರು. ಕೋಟೆಯ ಆಚೆಯ ಚರ್ಚಿಗೂ ಹೊಸ ಗೋಪುರ ಬಂತು, ಮೈಕು ಬಂತು, ಯಾರು ಯಾವ ಹಬ್ಬಕ್ಕೆ ಯಾರ ಮನೆಗೆ ಹೋದರೆಂದು ವಿಚಾರಿಸುವ ಹೊಸ ಹಿರಿಯರೂ ಬಂದರು. ಎರಡು ಕಡೆಯೂ ಬೇಲಿಗೆ ಮುಳ್ಳು ಬಿಗಿಯುತ್ತಿದ್ದಾಗ ನಡುವಿನ ಜಾಗದಲ್ಲಿ ಬದುಕಿದ್ದವಳಿಗೆ ವಯಸ್ಸಾಗುತ್ತಿತ್ತು.

ಕಳೆದ ಸಲದ ಅವರೆಯ ಕಾಲದಲ್ಲಿ ರಾಜತ್ತೆ ತೀರಿಕೊಂಡಳು. ಲಿಸ್ಸಿ ಬೆಳಿಗ್ಗೆ ಫೋನು ಮಾಡಿ, ಅಮ್ಮನನ್ನು ಊರಿಗೇ ತರುತ್ತೇನೆ, ಮಾತು ಕೊಟ್ಟಿದ್ದೇನೆ ಅಂದಳು. ಬೇರೆಯವರ ಹೊಲದಲ್ಲಿ ಇಡುವುದಾದರೆ ನಾವು ಯಾರೂ ಪ್ರಾರ್ಥನೆಗೆ ಬರುವುದಿಲ್ಲ ಎಂದು ಚರ್ಚಿನವರು ಹೇಳಿದ್ದರಂತೆ. ಅದಕ್ಕೂ ಅವಳು ಒಪ್ಪಿದ್ದಳು. ನಾನು ಮಿರ್ಲೆಯಿಂದ ಓಡಿಬಂದೆ. ಅಷ್ಟರಲ್ಲಿ ಆಂಬುಲೆನ್ಸ್ ಕಮಾನಿನ ಕೆಳಗೆ ನಿಂತಿತ್ತು. ಒಳಗೆ ಬಿಡದಂತೆ ಹುಡುಗರು ಅಡ್ಡ ಬೈಕು ನಿಲ್ಲಿಸಿದ್ದರು. ಒಬ್ಬ ಫೋನು ಎತ್ತಿ ಹಿಡಿದು ಚಿತ್ರ ತೆಗೆಯುತ್ತಿದ್ದ. ಯಾರೂ ಕೂಗಾಡಲಿಲ್ಲ. ಊರ ಯಜಮಾನರು ಕಟ್ಟೆಯ ಮೇಲೆ ಕೂತಿದ್ದರು. ಲಿಂಗ ಇಲ್ಲದವಳನ್ನು ಹಿರಿಯರ ಸಾಲಲ್ಲಿ ಹೇಗೆ ಕೂರಿಸುವುದು, ಕೈಗೆ ಏನು ಇಡುವುದು ಎಂದು ಅವರು ಕೇಳಿದರು. ಹೊಲ ನಮ್ಮದು ಅಂದೆ. ಹೊಲ ನಿಮ್ಮದು, ಊರು ಎಲ್ಲರದು ಅಂದರು. ಕೊನೆಗೆ, ನಿಮ್ಮಪ್ಪ ಹಿರಿಯರು, ಒಡಹುಟ್ಟಿದವರು, ಅವರು ಹೇಳಿದ ಹಾಗೆ ಆಗಲಿ ಎಂದು ಅಪ್ಪನನ್ನು ಕರೆಸಿದರು.

ಅಪ್ಪ ಕೋಲೂರಿಕೊಂಡು ಬಂದ. ಎಂಬತ್ತು ದಾಟಿದ ಮೈ, ಹಣೆಯಲ್ಲಿ ವಿಭೂತಿ. ಆಂಬುಲೆನ್ಸಿನ ಹಿಂದಿನ ಬಾಗಿಲು ತೆರೆದಿತ್ತು. ಅವನು ಒಳಗೆ ನೋಡಿದ. ರಾಜತ್ತೆಯ ತಲೆಗೆ ಬಿಳಿ ಹೂವಿನ ಕಿರೀಟ ಇಟ್ಟಿದ್ದರು. ಕೈಗಳನ್ನು ಎದೆಯ ಮೇಲೆ ಜೋಡಿಸಿ ಮಣಿಸರ ಸುತ್ತಿದ್ದರು. ಲಿಸ್ಸಿ ಮಾವಾ ಎಂದು ಒಂದೇ ಸಲ ಕರೆದಳು. ಅಪ್ಪ ಅವಳನ್ನು ಅದೇ ಮೊದಲು ನೋಡಿದ್ದು. ಇಷ್ಟು ವರ್ಷ ಕಾದಿದ್ದ ಒಂದು ಮಾತು ಈಗ ಬರುತ್ತದೆ ಎಂದು ನಾನು ಅವನ ತುಟಿಯನ್ನೇ ನೋಡುತ್ತಿದ್ದೆ.

"ಊರು ಎಂಗಂದ್ರೆ ಅಂಗೆ," ಅಂದ ಅಪ್ಪ. ತಿರುಗಿ ನಡೆದ.

ಆಗ ಚೆಲುವಿ ಗುಂಪಿನ ಹಿಂದಿನಿಂದ ಬಂದಳು. ಬೆನ್ನು ಬಾಗಿತ್ತು, ಒಂದು ಕಣ್ಣಿಗೆ ಪೊರೆ ಬಂದಿತ್ತು. ಅವಳು ಯಾರನ್ನೂ ಕೇಳದೆ ಗಾಡಿಯ ಮೆಟ್ಟಿಲು ಹತ್ತಿ, ರಾಜತ್ತೆಯ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ಇದ್ದಳು. ಇಳಿದು ಬಂದು ಕಟ್ಟೆಯ ಕಡೆಗೆ ಕೈಮುಗಿದಳು. "ಅಪ್ಪೋರೆ, ನಿಮ್ಮ ಸಾಲ್ನಲ್ಲಿ ಬ್ಯಾಡ ಅಂದ್ರೆ ಬ್ಯಾಡ ಬುಡಿ. ನಮ್ಮ ಕೇರಿಯೋರ ಮಸಣದಲ್ಲಿ ಜಾಗ ಅದೆ. ನಾವು ಮಡಿಕತೀವಿ. ಅಲ್ಲಿಂದ ಇವ್ರ ಒಲ ಕಾಣ್ತದೆ." ಕಟ್ಟೆಯ ಮೇಲೆ ಗುಜುಗುಜು ಎದ್ದಿತು. ಅಷ್ಟು ಹೊತ್ತು ಮೆತ್ತಗೆ ಮಾತಾಡಿದವರ ಮುಖ ಗಂಟಿಕ್ಕಿತು. ಒಬ್ಬರು ಎದ್ದು ನಿಂತು, ಶಿವಾಚಾರದ ಮನೆಯ ಮಗಳನ್ನು ಆ ಮಸಣಕ್ಕೆ ಹಾಕಿದರೆ ನಾಳೆ ನಾವು ಯಾವ ಮುಖ ಹೊತ್ತು ಓಡಾಡುವುದು ಎಂದು ಕೇಳಿದರು. ಅದಕ್ಕೂ ಎಲ್ಲರೂ ಹೌದೆಂದರು. ನಾನು ಅವರ ಮುಖಗಳನ್ನು ಒಂದೊಂದಾಗಿ ನೋಡಿದೆ. ತಾವು ಏನು ಹೇಳಿದೆವೆಂದು ಅವರಲ್ಲಿ ಒಬ್ಬರಿಗೂ ತಿಳಿದಂತೆ ಕಾಣಲಿಲ್ಲ. ನಮ್ಮ ಸಾಲಿಗೆ ಸೇರಲು ಅವಳು ನಮ್ಮವಳಾಗಿರಲಿಲ್ಲ. ಬೇರೆಯವರ ಸಾಲಿಗೆ ಸೇರಬಾರದೆನ್ನುವ ಹೊತ್ತಿಗೆ ಮತ್ತೆ ನಮ್ಮವಳಾಗಿದ್ದಳು. ಚೆಲುವಿ ಸೆರಗಿನಿಂದ ಬಾಯಿ ಒರೆಸಿಕೊಂಡು ಹಿಂದಕ್ಕೆ ಸರಿದಳು. ಲಿಸ್ಸಿ ಗಾಡಿಯ ಬಾಗಿಲನ್ನು ತಾನೇ ಎಳೆದು ಮುಚ್ಚಿದಳು.

ನಾನು ಅವರ ಜೊತೆಗೆ ಹೋದೆ. ಹುಣಸೂರು, ಕೋಟೆ, ಅಲ್ಲಿಂದ ಕಾಡಿನ ದಾರಿ. ದಾರಿಯುದ್ದಕ್ಕೂ ಲಿಸ್ಸಿ ತಾಯಿಯ ಪೆಟ್ಟಿಗೆ ಅಲುಗಾಡದಂತೆ ಕಾಲು ಒತ್ತಿಕೊಂಡು ಕೂತಿದ್ದಳು. ಚರ್ಚಿನವರು ತಕರಾರು ಮಾಡಲಿಲ್ಲ. ಮರಳಿ ತಂದದ್ದು ಒಳ್ಳೆಯದಾಯಿತು ಎಂದು ಒಬ್ಬರು ಹೇಳಿದ್ದನ್ನು ಲಿಸ್ಸಿ ಕೇಳದವಳಂತೆ ಇದ್ದಳು. ವರ್ಗೀಸನ ಗೋರಿಯ ಪಕ್ಕ ಜಾಗ ಇರಲಿಲ್ಲ. ಗೋಡೆಯ ಕಡೆಗೆ, ಹೊಸದಾಗಿ ತೆರೆದ ಸಾಲಿನ ತುದಿಯಲ್ಲಿ ಗುಂಡಿ ತೆಗೆದಿದ್ದರು. ಮಲೆಯಾಳದ ಹಾಡು ಹೇಳಿದರು. ನನಗೆ ಅರ್ಥವಾಗಲಿಲ್ಲ, ಆದರೂ ಇಂಪಾಗಿತ್ತು. ಪೆಟ್ಟಿಗೆ ಇಳಿಸಿದ ಮೇಲೆ ಎಲ್ಲರಂತೆ ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಕಪ್ಪು ಮಣ್ಣು, ಹಸಿ. ನಮ್ಮ ಕಡೆಯ ಮಣ್ಣು ಕೆಂಪು.

ಮಾರನೆಯ ದಿನ ಊರಿಗೆ ಬಂದೆ. ಮಧ್ಯಾಹ್ನದ ಬಿಸಿಲಿನಲ್ಲಿ ಅಪ್ಪ ಜಗಲಿಯ ಮೇಲೆ ಒಬ್ಬನೇ ಕೂತಿದ್ದ. ಒಳಗೆ ಅವ್ವ ಇಟ್ಟ ಊಟ ಆರಿಹೋಗಿತ್ತು. ನಾನು ಚಪ್ಪಲಿ ಬಿಡುವಷ್ಟರಲ್ಲಿ ಕೇಳಿದ.

"ಎಂಗ್ ಮಡಗುದ್ರು?"

"ಪೆಟ್ಟಿಗೇಲಿ ಮಲಗ್ಸುದ್ರು ಕಣಪ್ಪ."

ಅವನು ಅಂಗಳದ ಕಡೆಗೆ ನೋಡುತ್ತಿದ್ದ. ನನಗಲ್ಲ ಎನ್ನುವ ಹಾಗೆ ಹೇಳಿದ. "ಮಲಗುದ್ರೆ ಅವ್ಳಿಗೆ ಉಸ್ರು ಕಟ್ಟದು. ಸಣ್ಣೋಳಿದ್ದಾಗ ಉಬ್ಬಸ. ಅವ್ವ ಒಲಕ್ಕೆ ಓಗಿದ್ರೆ ನಾನೇ ಬೆನ್ನಿಗೆ ಎದೆ ಕೊಟ್ಟು ಕೂರುಸ್ಕಂಡಿರ್ತಿದ್ದೆ. ಕೈ ಬುಟ್ರೆ ಬಿದ್ದೋಯ್ತಿದ್ಲು." ಎರಡು ಅಂಗೈಗಳನ್ನೂ ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡು ಅವುಗಳನ್ನೇ ನೋಡುತ್ತಾ ಇದ್ದ. ನಾನು ಅವನ ಮೇಲೆ ಹೊತ್ತು ತಂದಿದ್ದ ಸಿಟ್ಟು ಎಲ್ಲಿ ಇಳಿಸಬೇಕೆಂದು ತಿಳಿಯದೆ ಹಾಗೇ ನಿಂತೆ. ಮಳೆಗಾಲ ಬರುವುದರೊಳಗೆ ಅಪ್ಪನೂ ಹೋದ. ಆಮೇಲೆ ಅವ್ವನನ್ನು ನಾನು ಮಿರ್ಲೆಗೆ ಕರೆದುಕೊಂಡು ಬಂದೆ. ಮನೆಯ ಹೆಂಚು ಇಳಿಸಿ ಆಯಿತು. ಚೆಲುವಿಯ ವಿಷಯ ಕೇಳಿದರೆ, ಈಗ ಅವಳಿಗೆ ಜನರ ಗುರುತು ಸಿಗುವುದಿಲ್ಲ ಎನ್ನುತ್ತಾರೆ.

ಲಿಸ್ಸಿ ಗಂಡನ ಊರಾದ ವಯನಾಡಿನ ಕಡೆಗೆ ಹೋಗಿ ನೆಲೆಸಿದ್ದಾಳೆ. ಆಗೊಮ್ಮೆ ಈಗೊಮ್ಮೆ ಫೋನು ಮಾಡುತ್ತಾಳೆ. ಅವಳ ಕನ್ನಡ ಸಲದಿಂದ ಸಲಕ್ಕೆ ತೆಳುವಾಗುತ್ತಿದೆ. ಮೊನ್ನೆ ಫೋನು ಮಾಡಿದ್ದಳು, ಅವಳ ಮಗಳಿಗೆ ಶಾಲೆಯಲ್ಲಿ ಮನೆಯ ಹಿರಿಯರ ಬಗ್ಗೆ ಕೇಳಿಕೊಂಡು ಬರಲು ಹೇಳಿದ್ದಾರಂತೆ. ಅಮ್ಮಚ್ಚಿಯ, ಅಂದರೆ ಅಜ್ಜಿಯ ಊರು ಯಾವುದು ಎಂದು ಆ ಹುಡುಗಿ ಕೇಳುತ್ತಿದ್ದಾಳೆ, ಏನು ಹೇಳಲಿ ಚೇಚಿ ಎಂದಳು. ಆ ಕಡೆಯಿಂದ ಮಗುವಿನ ದನಿ ಕೇಳಿಸುತ್ತಿತ್ತು, ಅದೇನೋ ಮಲೆಯಾಳದಲ್ಲಿ ಅವಸರ ಮಾಡುತ್ತಿತ್ತು. ನಮ್ಮೂರಿನ ಹೆಸರು ನನ್ನ ಬಾಯಿಯವರೆಗೂ ಬಂತು. ಹೇಳಿದರೆ ಆ ಊರು ಎಲ್ಲಿದೆ, ನಾವು ಯಾಕೆ ಅಲ್ಲಿಗೆ ಹೋಗುವುದಿಲ್ಲ ಎಂದು ಕೂಸು ಕೇಳುತ್ತದೆ.

"ಎಚ್.ಡಿ. ಕೋಟೆ ಅಂತ ಹೇಳು," ಅಂದೆ.

ಲಿಸ್ಸಿ ಮಗಳಿಗೆ ಹಾಗೇ ಹೇಳಿದ್ದು ಫೋನಿನಲ್ಲಿ ಕೇಳಿಸಿತು.